ಆಸ್ಪತ್ರೆಗೆಂದು ಇಟ್ಟುಕೊಂಡ ಮಾತು

ನಮ್ಮೂರಿನಲ್ಲಿ ಗಾಡಿ ನಿಲ್ಲಿಸುವ ಖರ್ಚನ್ನು ನನ್ನಷ್ಟು ಕಡಿಮೆ ಮಾಡಿಕೊಂಡವರು ಇನ್ನೊಬ್ಬರಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಬೇರೆ ಬೇರೆ ಬೀದಿಯವರು ನನ್ನನ್ನು ಹುಡುಕಿಕೊಂಡು ಬಂದು, ಓಂಕಾರಪ್ಪನವರೇ, ದಿನವೂ ಮಾರ್ಕೆಟ್ಟಿಗೆ ಹೋಗಿ ಬರುತ್ತೀರಿ, ಆದರೂ ನಿಮ್ಮದು ಮುಗಿದಿಲ್ಲವಲ್ಲ, ಅದು ಹೇಗೆ ಎಂದು ಕೇಳುತ್ತಿದ್ದರು. ನಾನು ಹೊಲಿಗೆ ಮಿಷನ್ ರಿಪೇರಿ ಮಾಡುವವನು. ಸ್ಕೂಟರಿನ ಹಿಂದೆ ಒಂದು ಕಬ್ಬಿಣದ ಪೆಟ್ಟಿಗೆ ಬಿಗಿದಿದ್ದೇನೆ. ಸ್ಪ್ಯಾನರು, ಬೆಲ್ಟು, ಎಣ್ಣೆ ಡಬ್ಬಿ, ಮೂವತ್ತು ವರ್ಷದಿಂದ ಕೂಡಿಟ್ಟ ಬಿಡಿಭಾಗಗಳು ಎಲ್ಲ ಅದರಲ್ಲೇ ಇವೆ. ಅದನ್ನು ಹೊತ್ತುಕೊಂಡು ದರ್ಜಿಗಳ ಬೀದಿಗೆ ನಡೆದು ಹೋಗುವ ಸೊಂಟ ನನ್ನದಲ್ಲ. ಹಾಗಾಗಿ ಗಾಡಿ ನಿಲ್ಲಿಸಲೇಬೇಕು, ನಿಲ್ಲಿಸಿದ ಮೇಲೆ ಕಂಬಕ್ಕೆ ಕೊಡಲೇಬೇಕು.

ಕಂಬ ಕಾಸು ಮುಟ್ಟುವುದಿಲ್ಲ. ಎದೆಮಟ್ಟದ ಕಬ್ಬಿಣದ ಕಂಬ, ಅದರ ತಲೆಯಲ್ಲಿ ಲೋಟದ ಬಾಯಷ್ಟು ಅಗಲದ ಹಿತ್ತಾಳೆಯ ತೂತು. ಬಗ್ಗಿ, ಅಲ್ಲಿಯವರೆಗೆ ಯಾರಿಗೂ ಹೇಳದೇ ಇರುವ ಒಂದು ನಿಜವನ್ನು ಅದರೊಳಗೆ ಹೇಳಬೇಕು. ಗಂಟೆ ಹೊಡೆಯುತ್ತದೆ, ಕೆಳಗಿನ ಸೀಳಿನಿಂದ ಚೀಟಿ ಬರುತ್ತದೆ. ಚೀಟಿಯಲ್ಲಿ ಅರ್ಧ ಗಂಟೆ ಎಂದೋ ಮೂರು ಗಂಟೆ ಎಂದೋ ಇರುತ್ತದೆ. ಯಾವ ಮಾತಿಗೆ ಎಷ್ಟು ಹೊತ್ತು ಎನ್ನುವುದು ಕಂಬಕ್ಕೆ ಬಿಟ್ಟದ್ದು, ಚೌಕಾಸಿ ನಡೆಯುವುದಿಲ್ಲ. ಸುಳ್ಳು ಹೇಳಿದರೂ, ಮೊದಲೇ ಇನ್ನೊಬ್ಬರ ಕಿವಿಗೆ ಬಿದ್ದದ್ದನ್ನು ಹೇಳಿದರೂ ಗಂಟೆ ಹೊಡೆಯುವುದಿಲ್ಲ. ಒಬ್ಬರು ಹೇಳುವಾಗ ಮಿಕ್ಕವರು ಹತ್ತು ಹೆಜ್ಜೆ ದೂರದಲ್ಲಿ ಬಳಿದಿರುವ ಹಳದಿ ಗೆರೆಯ ಆಚೆ ನಿಲ್ಲಬೇಕು. ಕಂಬ ತಾನು ಕೇಳಿದ್ದನ್ನು ಯಾರಿಗೂ ಹೇಳುವುದಿಲ್ಲ. ನಮ್ಮ ತಾತಂದಿರ ಕಾಲದಿಂದಲೂ ಹೀಗೇ ನಡೆದುಕೊಂಡು ಬಂದಿದೆ.

ಶುರುವಿನಲ್ಲಿ ಎಲ್ಲರ ಹತ್ತಿರವೂ ಚಿಲ್ಲರೆ ಮಾತು ಬೇಕಾದಷ್ಟು ಇರುತ್ತದೆ. ಗೆಳೆಯನ ಮನೆಯ ಉಪ್ಪಿಟ್ಟು ಬಾಯಿಗಿಡುವಂತಿರಲಿಲ್ಲ, ಆದರೂ ಎರಡು ಸಲ ಹಾಕಿಸಿಕೊಂಡೆ ಎಂದರೆ ಅರ್ಧ ಗಂಟೆ. ಸಾವಿನ ಮನೆಯಲ್ಲಿ ನಗು ಬಂತು, ಕೆಮ್ಮಿದಂತೆ ನಟಿಸಿದೆ ಎಂದರೆ ಒಂದು ಗಂಟೆ. ಹೊಸದಾಗಿ ಗಾಡಿ ಕೊಂಡವರು ಇಂಥವನ್ನೆಲ್ಲ ಎರಡೇ ವರ್ಷದಲ್ಲಿ ಉಡಾಯಿಸಿಬಿಡುತ್ತಾರೆ. ಆಮೇಲೆ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆಂದು ಬಂದು, ತಮ್ಮನ ಮೇಲಿನ ಹೊಟ್ಟೆಕಿಚ್ಚನ್ನು ಹೇಳಿ ಹೋಗುತ್ತಾರೆ. ನಾನು ಹಾಗೆ ಮಾಡಿದವನಲ್ಲ. ಮೀನು ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಕಂಬವಿಲ್ಲ, ಮೂಗು ಮುಚ್ಚಿಕೊಂಡು ಹತ್ತು ನಿಮಿಷ ನಡೆಯಲು ಸಿದ್ಧವಿದ್ದರೆ ಅಲ್ಲಿ ಪುಕ್ಕಟೆ. ಪೆಟ್ಟಿಗೆ ಬೇಕಾಗದ ಸಣ್ಣ ರಿಪೇರಿಗಳನ್ನು ಒಂದೇ ದಿನಕ್ಕೆ ಸೇರಿಸಿಕೊಂಡು ಅಲ್ಲಿ ನಿಲ್ಲಿಸುತ್ತಿದ್ದೆ. ಇನ್ನು ಮಾತನ್ನು ಮುರಿದು ಬಳಸುವುದು ನನ್ನದೇ ಕಸುಬುಗಾರಿಕೆ. ದರ್ಜಿ ಜಬೀವುಲ್ಲಾ ಸಾಬರ ಅಂಗಡಿಯಲ್ಲಿ ಒಂದು ಸಲ ಅವರ ಒಳ್ಳೆಯ ಕತ್ತರಿ ನನ್ನ ಪೆಟ್ಟಿಗೆಯೊಳಗೆ ಬಂದುಬಿಟ್ಟಿತ್ತು. ಕತ್ತರಿ ಬಂತು ಎನ್ನುವುದನ್ನು ಸೋಮವಾರ ಹೇಳಿದೆ, ಗೊತ್ತಾದರೂ ಸುಮ್ಮನಿದ್ದೆ ಎನ್ನುವುದನ್ನು ಮಂಗಳವಾರ, ಅವರು ಕೆಲಸದ ಆಳನ್ನು ಬೈಯುವಾಗ ಚಹಾ ಕುಡಿಯುತ್ತಿದ್ದೆ ಎನ್ನುವುದನ್ನು ಬುಧವಾರ. ಒಂದು ಕತ್ತರಿಯಲ್ಲಿ ಒಂಬತ್ತು ಗಂಟೆ ಎಳೆದೆ. ಗುರುವಾರ ಕತ್ತರಿಯನ್ನು ವಾಪಸ್ಸು ಇಟ್ಟೆ, ಅದಕ್ಕೂ ಅರ್ಧ ಗಂಟೆ ಸಿಕ್ಕಿತು.

ಎಲ್ಲಕ್ಕಿಂತ ದೊಡ್ಡ ಉಳಿತಾಯ ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರುವುದು. ಹೆಂಡತಿಗೆ ಹೇಳಿದ್ದು ಕಂಬಕ್ಕೆ ಬರುವುದಿಲ್ಲ. ಊಟಕ್ಕೆ ಕೂತಾಗ ಯಾರಾದರೂ, ಇವತ್ತು ಏನಾಯ್ತು ಗೊತ್ತಾ ಎಂದು ಶುರುಮಾಡಿದರೆ ಹಿರಿಯರು ಕೈ ಅಡ್ಡ ಹಿಡಿದು, ಇಟ್ಕೋ ಎನ್ನುತ್ತಾರೆ. ಅಮ್ಮ, ಅಪ್ಪ ಎನ್ನುವುದಾದ ಮೇಲೆ ನಮ್ಮ ಮಕ್ಕಳು ಕಲಿಯುವ ಮಾತು ಅದೇ. ದಿನವಿಡೀ ಗಿರಾಕಿಗಳ ಜೊತೆ ಮಾತಾಡುವ ಊರಿನ ಕ್ಷೌರಿಕನ ಹತ್ತಿರ ಗಾಡಿ ಇಲ್ಲ, ಇಟ್ಟುಕೊಂಡರೂ ನಿಲ್ಲಿಸಲು ಅವನ ಹತ್ತಿರ ಏನೂ ಉಳಿದಿಲ್ಲ. ನನ್ನ ಮಗಳು ಮದುವೆಯಾಗಿ ಕಂಬಗಳಿಲ್ಲದ ಊರಿಗೆ ಹೋದಾಗ, ಅತ್ತೆಮನೆಯವರು ಊಟಕ್ಕೆ ಕೂತರೆ ಒಂದೇ ಸಮನೆ ಮಾತಾಡುತ್ತಾರಂತೆ, ಅದನ್ನು ಕಂಡು ಗಾಬರಿಯಾಗಿ ಎರಡು ದಿನ ಊಟ ಬಿಟ್ಟಿದ್ದಳು. ಅನಸೂಯ ಮತ್ತು ನಾನು ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದೆವು. ಉಪ್ಪು ಕಡಿಮೆಯಾಗಿದೆ, ಗ್ಯಾಸು ಮುಗಿದಿದೆ, ಮಳೆ ಬರುವ ಹಾಗಿದೆ, ಬಟ್ಟೆ ಒಳಗೆ ತೆಗೆದಿಡಿ. ಒಂದು ದಿನವೂ ಜಗಳವಾಡಿದವರಲ್ಲ. ನಮ್ಮದು ಒಳ್ಳೆಯ ಜೋಡಿ ಎಂದು ಎಲ್ಲರೂ ಹೇಳುತ್ತಿದ್ದರು.

ಇನ್ನೊಂದು ಕ್ರಮವಿದೆ. ನಮ್ಮೂರಿನಲ್ಲಿ ಗಾಡಿ ಇದ್ದವರೆಲ್ಲ ಒಂದು ದೊಡ್ಡ ಮಾತನ್ನು ಬೇರೆಯಾಗಿ ಎತ್ತಿಟ್ಟಿರುತ್ತಾರೆ. ಅದಕ್ಕೆ ಆಸ್ಪತ್ರೆ ಮಾತು ಎನ್ನುತ್ತೇವೆ. ಆಸ್ಪತ್ರೆಯ ಕಂಬಗಳು ಚಿಲ್ಲರೆ ಮುಟ್ಟುವುದಿಲ್ಲ, ಕಾಯಿಲೆಯವರನ್ನು ಬಿಟ್ಟು ಅರ್ಧ ಗಂಟೆಗೊಮ್ಮೆ ಕೆಳಗೆ ಓಡಿಬರುವುದೂ ಆಗದ ಮಾತು. ಅದಕ್ಕೇ ಒಂದೇ ಸಲಕ್ಕೆ ನಾಲ್ಕೈದು ದಿನ ಕೊಡಿಸುವಂಥದ್ದು ಕೈಯಲ್ಲಿರಬೇಕು. ನನ್ನ ಮೊದಲನೆಯದು ಅಪ್ಪನ ಕಾಯಿಲೆಯಲ್ಲಿ ಖರ್ಚಾಯಿತು, ನಾಲ್ಕು ದಿನ ಬಂತು, ಅಪ್ಪ ಮೂರು ದಿನ ಇದ್ದರು. ಒಂದು ದಿನ ದಂಡವಾಯಿತಲ್ಲ ಎಂದು ನಾನು ಆಗ ಅಂದುಕೊಂಡಿದ್ದೆ, ಅದನ್ನೂ ಮುಂದೆ ಕಂಬಕ್ಕೆ ಹೇಳಿ ಎರಡು ಗಂಟೆ ಪಡೆದೆ.

ಅಪ್ಪ ಹೋದ ತಿಂಗಳಲ್ಲೇ ಅನಸೂಯಳ ಕೆಲಸದ ಆರ್ಡರ್ ಬಂತು. ಮದುವೆಯಾಗಿ ಆಗ ಎರಡು ವರ್ಷ. ಹೊಳೆಯಾಚೆ ಎಂಬತ್ತು ಕಿಲೋಮೀಟರ್ ದೂರದ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆಗೆ ಹೊಲಿಗೆ ಟೀಚರ್ ಬೇಕೆಂದು ಕರೆದಿದ್ದರು, ಅವಳು ಇಂಟರ್‌ವ್ಯೂ ಕೊಟ್ಟು ಬಂದಿದ್ದಳು. ಆರ್ಡರ್ ಆಗ ನನಗಿದ್ದ ಸಣ್ಣ ಅಂಗಡಿಯ ವಿಳಾಸಕ್ಕೆ ಬಂತು. ಅವಳು ಹೋದರೆ ಅಲ್ಲೇ ಮನೆ ಮಾಡಬೇಕಾಗುತ್ತಿತ್ತು. ಅಪ್ಪನೂ ಇಲ್ಲದ ಮನೆಗೆ ಸಂಜೆ ನಾನೊಬ್ಬನೇ ಬೀಗ ತೆಗೆಯಬೇಕು ಎನ್ನುವುದನ್ನು ನೆನೆದರೆ ನನಗೆ ಹೆದರಿಕೆಯಾಯಿತು. ವಾರ ಬಿಟ್ಟು ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಕೆಲಸಕ್ಕೆ ಸೇರುವ ತಾರೀಕು ಮುಗಿದುಹೋಯಿತು. ಹೇಗಿದ್ದರೂ ನನ್ನ ಆಸ್ಪತ್ರೆ ಮಾತಿನ ಜಾಗ ಖಾಲಿಯಿತ್ತು, ಇದನ್ನು ಅಲ್ಲಿಗೆ ಹಾಕಿಕೊಂಡೆ. ಅಲ್ಲಿಂದ ಮುಂದೆ ಹೇಳದಿರುವುದು ತಪ್ಪು ಎನಿಸಲಿಲ್ಲ, ಉಳಿತಾಯ ಎನಿಸಿತು. ಕೆಲಸ ಸಿಗಲಿಲ್ಲವೆಂದು ತಿಳಿದ ಅನಸೂಯ ಇಪ್ಪತ್ತಾರು ವರ್ಷ ಮನೆಯಲ್ಲೇ ಕೂತು ಊರವರ ಸೀರೆಗಳಿಗೆ ಫಾಲ್ಸ್ ಹಾಕಿದಳು.

ಈಗ ಮೋಸದ ವಿಷಯ. ಖಾಕಿ ಅಂಗಿ ಹಾಕಿಕೊಂಡು, ಕಂಬ ಕೆಟ್ಟಿದೆ, ನನಗೇ ಹೇಳಿ, ಚೀಟಿ ಬರೆದುಕೊಡುತ್ತೇನೆ ಎನ್ನುವವರು ಮೊದಲಿನಿಂದಲೂ ಇದ್ದರು. ಕಂಬ ಕೆಡುವುದಿಲ್ಲ ಎನ್ನುವುದು ಈಗ ಎಲ್ಲರಿಗೂ ಗೊತ್ತು. ಹಾಗಾಗಿ ಅವರು ಈಚೆಗೆ ಕಂಬವನ್ನೇ ನೆಡುವುದನ್ನು ಕಲಿತಿದ್ದಾರೆ. ಗೋಡೆಯ ಆಚೆ ಒಬ್ಬ ಕೊಳವೆಗೆ ಕಿವಿಯಿಟ್ಟು ಕೂತಿರುತ್ತಾನೆ. ಹೇಳಿದವರ ಮಾತು ಅಲ್ಲಿಗೆ ತೀರಿತು, ಕೇಳಿದವನು ಮನುಷ್ಯನಾದ್ದರಿಂದ ಅದು ಇನ್ಯಾವ ಕಂಬಕ್ಕೂ ಬರುವುದಿಲ್ಲ. ಆಮೇಲೆ ಅವನು ಮನೆಗೆ ಬರುತ್ತಾನೆ. ನಿಜವಾದ ಕಂಬ ಮಟಮಟ ಮಧ್ಯಾಹ್ನದಲ್ಲೂ ತಣ್ಣಗಿರುತ್ತದೆ, ಚೀಟಿ ಮಾತ್ರ ಬೆಚ್ಚಗಿರುತ್ತದೆ. ಮುಖ್ಯವಾಗಿ, ನಿಜವಾದ ಕಂಬ ಉಸಿರೆತ್ತುವುದಿಲ್ಲ. ಹೂಂ ಎಂದರೆ ಅದು ಕಂಬವಲ್ಲ, ತಕ್ಷಣ ಮಾತು ನಿಲ್ಲಿಸಿ ಓಡಿ. ಈ ಕೊನೆಯ ವಾಕ್ಯವನ್ನು ಪುರಸಭೆಯವರು ಬೋರ್ಡಿನಲ್ಲಿ ಬರೆಸಿದ್ದು ಆಮೇಲೆ, ಅದಕ್ಕೂ ಮೊದಲು ನಾನೇ ಏನಿಲ್ಲವೆಂದರೂ ನಲವತ್ತು ಜನಕ್ಕೆ ಹೇಳಿಕೊಟ್ಟಿದ್ದೆ.

ಹೋದ ಚೈತ್ರದಲ್ಲಿ ಅನಸೂಯಳ ಹೊಟ್ಟೆನೋವು ಜೋರಾಯಿತು. ಎಷ್ಟು ದಿನದಿಂದ ಇತ್ತೋ, ಅವಳು ಹೇಳಿರಲಿಲ್ಲ. ಪಿತ್ತಕೋಶದಲ್ಲಿ ಕಲ್ಲು, ನಾಳೆ ಬೆಳಿಗ್ಗೆ ಆಪರೇಷನ್, ಐದು ದಿನ ಇರಬೇಕು ಎಂದರು ಡಾಕ್ಟರು. ಅವಳನ್ನು ಹದಿನಾಲ್ಕನೇ ಬೆಡ್ಡಿನಲ್ಲಿ ಕೂರಿಸಿ ನಾನು ಗಾಡಿಗೆ ಚೀಟಿ ಮಾಡಿಸಲು ಕೆಳಗೆ ಬಂದೆ. ಆಸ್ಪತ್ರೆಯ ಮುಂದಿನ ಕಂಬಗಳಲ್ಲಿ ಉದ್ದುದ್ದ ಸಾಲು. ದೊಡ್ಡ ಮಾತು ಹೇಳಲು ಜನಕ್ಕೆ ಹೊತ್ತು ಹಿಡಿಯುತ್ತದೆ, ಹೇಳಿಯಾದ ಮೇಲೂ ಕೆಲವರು ಕಂಬ ಹಿಡಿದುಕೊಂಡೇ ನಿಂತಿರುತ್ತಾರೆ. ಮೂಲೆಯಲ್ಲಿ ಎಳನೀರಿನ ಗಾಡಿಯ ಪಕ್ಕ ಒಂದು ಕಂಬದ ಮುಂದೆ ಯಾರೂ ಇರಲಿಲ್ಲ. ಮುಟ್ಟಿದೆ, ಬಿಸಿಯಾಗಿತ್ತು. ಬಿಸಿಯಾಗಿದೆ ಎನ್ನುವುದು ನನ್ನ ಗಮನಕ್ಕೆ ಬಂತು, ಬರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಸಾಲಿನಲ್ಲಿ ನಿಲ್ಲುವುದು ತಪ್ಪಿತಲ್ಲ ಎಂಬ ಖುಷಿಯಲ್ಲಿ ಬಗ್ಗಿದೆ.

ಎರಡೇ ವಾಕ್ಯ ಹೇಳಬೇಕೆಂದು ಲೆಕ್ಕ ಹಾಕಿದ್ದೆ. ಹೆಂಡತಿಗೆ ಕೆಲಸದ ಆರ್ಡರ್ ಬಂದಿತ್ತು, ನಾನು ಮುಚ್ಚಿಟ್ಟೆ. ಅಷ್ಟು ಹೇಳಿ ಎದ್ದು ನಿಲ್ಲುವುದರೊಳಗೆ ತೂತಿನೊಳಗಿಂದ ಮೆಲ್ಲಗೆ, "ಹೂಂ" ಎಂದು ಕೇಳಿಸಿತು.

ಓಡಬೇಕಾಗಿತ್ತು. ನಲವತ್ತು ಜನಕ್ಕೆ ಹೇಳಿಕೊಟ್ಟವನು ನಾನು. ಆದರೆ ನಾನು ಮಾತಾಡುವಾಗ ಯಾರಾದರೂ ಹೂಂ ಎಂದು ಎಷ್ಟು ಕಾಲವಾಗಿತ್ತೋ ನನಗೆ ನೆನಪಿಲ್ಲ. ಬೆನ್ನು ಬಗ್ಗಿದ್ದು ಬಗ್ಗಿದ ಹಾಗೇ ಇತ್ತು. "ಆಮೇಲೆ?" ಎಂದಿತು ಅದು. ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ಆರ್ಡರಿನ ಕಾಗದ ಯಾವ ಬಣ್ಣದ್ದು, ಪೋಸ್ಟ್‌ಮ್ಯಾನ್ ಏನು ಹೇಳಿ ಕೊಟ್ಟ, ಅದನ್ನು ನಾನು ಏನು ಮಾಡಿದೆ, ಖಾಲಿ ಮನೆಯ ಬೀಗ ತೆಗೆಯುವುದೆಂದರೆ ನನಗೆ ಈಗಲೂ ಎಷ್ಟು ಹೆದರಿಕೆ, ನಾಳೆ ಆಪರೇಷನ್ನಿನಲ್ಲಿ ಏನಾದರೂ ಆದರೆ ಅದೇ ಬೀಗ ಅದೇ ಮನೆ ಎನ್ನುವುದು. ಅದು ಹೂಂಗುಟ್ಟುತ್ತಾ ಇತ್ತು. ಒಂದು ಸಲ ಪಾಪ ಎಂದಿತು. ನನಗೆ ಅಳು ಬಂತು, ಅಳುವುದಕ್ಕೂ ಅದು ಸಮಯ ಕೊಟ್ಟಿತು. ಕೊನೆಗೆ ತಗಡಿಗೆ ಚಮಚ ಬಡಿದಂತೆ ಸದ್ದಾಗಿ ಚೀಟಿ ಬಂತು, ಐದು ದಿನ ಎಂದಿತ್ತು. ಚೀಟಿ ತಣ್ಣಗಿತ್ತು. ಮನಸ್ಸು ಹಗುರಾಗಿದ್ದರಿಂದ ನಾನು ಅದನ್ನು ಸ್ಕೂಟರಿಗೆ ಸಿಕ್ಕಿಸಿ ಮೇಲೆ ಹೋದೆ.

ಮಧ್ಯಾಹ್ನ ವಾರ್ಡಿನ ಕಿಟಕಿಯಿಂದ ನೋಡಿದರೆ ನನ್ನ ಸ್ಕೂಟರಿನ ಪಕ್ಕದಲ್ಲೇ ಪುರಸಭೆಯ ಲಾರಿ ನಿಂತಿತ್ತು. ಓಡಿದೆ. ಗಾಡಿ ಎತ್ತುವ ಕೆಲಸದ ಹಾಲಪ್ಪ ನನ್ನ ಗುರುತಿನವನೇ. ಚೀಟಿಯನ್ನು ತಿರುಗಿಸಿ ನೋಡಿ, ಇದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಾಡಿಸಿದ್ದು ಎಂದ. ನನ್ನ ಮುಖವನ್ನೂ ಒಂದು ಸಲ ನೋಡಿದ.

"ನಮ್ ಭಾವನಿಗೆ ಕಳ್ಳ ಕಂಬದ ಗುರುತೆಲ್ಲಾ ಹೇಳ್ಕೊಟ್ಟಿದ್ದು ನೀವೇ ಅಲ್ವಾ, ಓಂಕಾರಪ್ಪನೋರೆ?" ಎಂದ.

ನಾನೇ ಎಂದೆ. ಆರು ಗಂಟೆಯವರೆಗೆ ಕಾಯುತ್ತೇನೆ, ಅಷ್ಟರಲ್ಲಿ ಸರಿಯಾದ ಚೀಟಿ ತರದಿದ್ದರೆ ಎತ್ತಲೇಬೇಕಾಗುತ್ತದೆ ಎಂದ. ಎತ್ತಿದ ಗಾಡಿ ವಾಪಸ್ಸು ಬರುವುದಿಲ್ಲ, ಪುರಸಭೆಯವರು ಅದನ್ನು ಕರಗಿಸಿ ಹೊಸ ಕಂಬ ಎರಕ ಹೊಯ್ಯುತ್ತಾರೆ. ಕಳ್ಳ ಚೀಟಿ ಸಿಕ್ಕಿಬಿದ್ದ ಗಾಡಿಯನ್ನು ಕದಲಿಸುವಂತಿಲ್ಲ, ಅದರಿಂದ ಏನನ್ನೂ ಬಿಚ್ಚಿಕೊಳ್ಳುವಂತೆಯೂ ಇಲ್ಲ, ಸ್ಕೂಟರಿಗೆ ಬಿಗಿದ ಪೆಟ್ಟಿಗೆಯೂ ಅದರ ಜೊತೆಗೇ ಹೋಗುತ್ತದೆ. ಅದು ಹೋದರೆ ಈ ವಯಸ್ಸಿನಲ್ಲಿ ನನಗೆ ಕಸುಬು ಉಳಿಯುವುದಿಲ್ಲ. ಸಾಲಿನಲ್ಲಿ ನಿಂತು ನಿಜವಾದ ಕಂಬಕ್ಕೆ ಅದೇ ಆರ್ಡರಿನ ಮಾತು ಹೇಳಿದೆ, ಗಂಟೆ ಹೊಡೆಯಲಿಲ್ಲ. ಇದ್ದ ಚಿಲ್ಲರೆಯನ್ನೆಲ್ಲ ಒಟ್ಟಿಗೆ ಸುರಿದೆ, ಆಗಲೂ ಇಲ್ಲ. ಎಳನೀರಿನ ಗಾಡಿಯ ಪಕ್ಕದ ಕಂಬವನ್ನು ಅಷ್ಟರಲ್ಲಿ ಕಿತ್ತುಕೊಂಡು ಹೋಗಿದ್ದರು, ನೆಲದಲ್ಲಿ ಒಂದು ಗುಳಿ ಮಾತ್ರ ಇತ್ತು.

ಮೆಟ್ಟಿಲ ಹತ್ತಿರ ಇಸ್ತ್ರಿ ಮಾಡಿದ ಬಿಳಿ ಅಂಗಿಯವನೊಬ್ಬ ಕಂಕುಳಲ್ಲಿ ಫೈಲ್ ಇಟ್ಟುಕೊಂಡು ನಿಂತಿದ್ದ. ನನ್ನನ್ನು ಕಂಡು, ಸಾರ್, ಬೆಳಿಗ್ಗೆ ಮಾತಾಡಿದ್ವಲ್ಲ ಎಂದ. ಅದೇ ದನಿ. ಬಹಳ ಮರ್ಯಾದೆಯಿಂದ ತನ್ನ ಕರಾರು ಹೇಳಿದ. ಪ್ರತಿ ಸೋಮವಾರ ನಾನು ಅವನಿಗೆ ಇನ್ಯಾರಿಗೂ ಹೇಳದ ಒಂದು ಮಾತನ್ನು ಒಪ್ಪಿಸಬೇಕು, ಚಿಲ್ಲರೆಯಾದರೂ ಪರವಾಗಿಲ್ಲ, ಆದರೆ ಬೇರೆಯವರ ಮನೆಯದ್ದಾದರೆ ಒಳ್ಳೆಯದು. ರಿಪೇರಿಗೆ ನಾಲ್ಕು ಮನೆಗೆ ಹೋಗುವವರಲ್ಲವೇ ನೀವು ಎಂದ. ಆಗುವುದಿಲ್ಲವೆಂದರೆ ಅವನು ಹದಿನಾಲ್ಕನೇ ಬೆಡ್ಡಿನವರನ್ನು ಮಾತಾಡಿಸಿ ಹೋಗುತ್ತಾನೆ. ಐದೂವರೆಗೆ ಬರುತ್ತೇನೆ ಎಂದ. ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ನಿಜ ಹೇಳುವುದಾದರೆ, ಅವನ ಹತ್ತಿರ ಇನ್ನೂ ಸ್ವಲ್ಪ ಹೊತ್ತು ಮಾತಾಡಬೇಕು ಎನಿಸಿತು. ಹಾಗೆ ಅನಿಸಿದ್ದಕ್ಕೆ ನನಗೇ ನಾಚಿಕೆಯಾಯಿತು, ಮೇಲೆ ಹತ್ತಿದೆ.

ಅನಸೂಯ ಹಾಸಿಗೆಯ ಮೇಲೆ ಕೂತು ಟವೆಲ್ ಮಡಿಸುತ್ತಿದ್ದಳು. ಆಪರೇಷನ್ನಿಗೆಂದು ಬಳೆ ತೆಗೆಸಿದ್ದರು, ಕೈ ಬೇರೆ ಯಾರದ್ದೋ ಎನ್ನುವಂತಿತ್ತು. ನಾನು ಸ್ಟೂಲಿನ ಮೇಲೆ ಕೂತು ಹೇಳಿದೆ. ಬೆಳಿಗ್ಗೆ ಕಾಲು ಗಂಟೆ ಹಿಡಿದದ್ದು ಈಗ ಒಂದು ನಿಮಿಷದಲ್ಲಿ ಮುಗಿಯಿತು. ಕಂಬಕ್ಕೆ ಹೇಳಿದ್ದನ್ನೂ, ಅದು ಕಂಬವಾಗಿರಲಿಲ್ಲ ಎನ್ನುವುದನ್ನೂ, ಆರು ಗಂಟೆಯ ವಿಷಯವನ್ನೂ ಹೇಳಿದೆ. ತೂತಿಗೆ ಹೇಳುವುದು ಸುಲಭ, ಅದಕ್ಕೆ ಮುಖ ಇರುವುದಿಲ್ಲ. ಅವಳು ಟವೆಲನ್ನು ಇನ್ನೊಂದು ಮಡಿಕೆ ಮಡಿಸಿದಳು.

"ಆ ಕಾಗದ ಏನ್ ಮಾಡಿದ್ರಿ?"

"ಮಿಷನ್ನಿನ ಎಣ್ಣೆ ಒರೆಸಿ ಬಿಸಾಕಿದೆ."

"ಯಾರ ಮಿಷನ್ನು?"

"ನಿಂದೇ."

ಅವಳು ಕಿಟಕಿಯ ಕಡೆ ನೋಡಿದಳು. ಪಕ್ಕದ ಬೆಡ್ಡಿನವರಿಗೆ ಯಾರೋ ಗಂಜಿ ತಂದಿದ್ದರು, ಚಮಚದ ಸದ್ದು ಬರುತ್ತಿತ್ತು. ನಾನು ಅವಳ ಬೈಗುಳಕ್ಕೆ ಕಾದೆ. ಇಪ್ಪತ್ತೆಂಟು ವರ್ಷದಲ್ಲಿ ಅವಳು ಬೈದದ್ದನ್ನು ಕೇಳಿಲ್ಲವಾದ್ದರಿಂದ ಅದು ಹೇಗಿರುತ್ತದೆ ಎನ್ನುವ ಅಂದಾಜೂ ನನಗಿರಲಿಲ್ಲ.

"ಇದನ್ನ ಆಸ್ಪತ್ರೆಗೆ ಅಂತ ಇಟ್ಕೊಂಡಿದ್ರಾ?" ಎಂದಳು.

ಹೌದು ಎಂದೆ.

"ಬೆಳಿಗ್ಗೆ ನೀವು ಹೇಳುವಾಗ ಅವನು ಹೂಂ ಅಂತಿದ್ನಾ?"

"ಅಂತಿದ್ದ."

"ಪುಣ್ಯವಂತರು ನೀವು" ಎಂದು ಹೇಳಿ ಅವಳು ಚಪ್ಪಲಿ ಹುಡುಕಿದಳು.

ಎಲ್ಲಿಗೆ ಎಂದು ಕೇಳಿದೆ. ಚೀಟಿ ಬೇಡವೇ, ನನ್ನದೂ ಒಂದು ಇದೆ ಎಂದಳು. ಅವಳ ಹತ್ತಿರ ಆಸ್ಪತ್ರೆ ಮಾತು ಇರಬಹುದೆಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಅವಳಿಗೆ ಗಾಡಿ ಓಡಿಸಲು ಬರುವುದಿಲ್ಲ, ಅವಳು ಏನನ್ನು ಏಕೆ ಇಟ್ಟುಕೊಳ್ಳಬೇಕು. ನಾನು, ಇಂಥ ಹೊಟ್ಟೆ ಹಿಡಿದುಕೊಂಡು ಇಳಿಯಬೇಡ, ಹೋದರೆ ಸ್ಕೂಟರ್ ಹೋಗಲಿ ಎಂದೆ. ಬಾಯಲ್ಲಿ ಹಾಗೆ ಹೇಳಿದೆ, ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಅವಳು ಅದನ್ನು ನೋಡಿದಳು.

ವಾರ್ಡಿನ ಬಾಗಿಲಲ್ಲಿ ಬಿಳಿ ಅಂಗಿಯವನು ಎದುರಾದ. ಅಮ್ಮಾ, ನಿಮ್ಮ ಯಜಮಾನರ ಬಗ್ಗೆ ಒಂದು ವಿಷಯ ಎಂದು ಫೈಲ್ ಬಿಚ್ಚಿದ. ಗೊತ್ತಾಯ್ತು ಹೋಗಪ್ಪ ಎಂದು ಅವಳು ಮುಂದೆ ನಡೆದಳು. ಅವನು ಫೈಲ್ ಮುಚ್ಚಿಕೊಂಡು, ನಷ್ಟವಾದ ವ್ಯಾಪಾರಿಯ ಮುಖ ಮಾಡಿ, ಪಕ್ಕದ ವಾರ್ಡಿಗೆ ಹೋದ.

ಕೆಳಗೆ ಸಾಲಿನಲ್ಲಿದ್ದವರು ಆಸ್ಪತ್ರೆಯ ಗೌನು ನೋಡಿ ಅವಳಿಗೆ ದಾರಿ ಬಿಟ್ಟರು. ಕಾಲು ಗಂಟೆ ಕಳೆದರೆ ಆರು. ಅವಳು ಎಡಗೈಯಲ್ಲಿ ಹೊಟ್ಟೆ ಒತ್ತಿಕೊಂಡು ಕಂಬಕ್ಕೆ ಬಗ್ಗಿದಳು. ನಾನು ಹಳದಿ ಗೆರೆಯ ಮೇಲೆ ನಿಂತೆ, ಹಾಲಪ್ಪ ನನ್ನ ತೋಳು ಹಿಡಿದು ಗೆರೆಯ ಆಚೆಗೆ ಎಳೆದುಕೊಂಡ. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ನಾನು ನೋಡುತ್ತಾ ಬಂದಿರುವ ಅನಸೂಯ ಒಂದು ದಿನಕ್ಕೆ ಇಪ್ಪತ್ತು ಮಾತಾಡಿದರೆ ಹೆಚ್ಚು. ಅವಳು ಅಲ್ಲಿ ಮಾತಾಡಿದಳು, ಮಾತಾಡಿದಳು, ಮಾತಾಡುತ್ತಲೇ ಇದ್ದಳು. ಆರು ಗಂಟೆ ಹೊಡೆದು ಹೋಯಿತು. ಕಂಬದ ಮುಂದೆ ಹೇಳುತ್ತಿರುವವರು ಇರುವಾಗ ಗಾಡಿ ಎತ್ತುವಂತಿಲ್ಲ, ಹಾಲಪ್ಪ ಲಾರಿಯ ಇಂಜಿನ್ ಆಫ್ ಮಾಡಿಸಿದ. ನಡುವೆ ಒಂದು ಸಲ ಅವಳು ತಲೆಯೆತ್ತಿ ಉಸಿರು ತೆಗೆದುಕೊಂಡಳು, ಮುಗಿಯಿತು ಎಂದುಕೊಂಡೆ. ಮತ್ತೆ ಬಗ್ಗಿದಳು. ಸಾಲಿನಲ್ಲಿದ್ದ ಯಾರೂ ಗೊಣಗಲಿಲ್ಲ. ಆ ಬೆನ್ನಿನೊಳಗೆ ಇಷ್ಟೆಲ್ಲ ಇತ್ತೇ.

ಗಂಟೆ ಹೊಡೆಯಿತು. ಒಂದೇ ಸಲ ಹೊಡೆದು ನಿಲ್ಲುವ ಗಂಟೆ ಅಂದು ಬಹಳ ಹೊತ್ತು ಹೊಡೆಯಿತು. ಅವಳು ಚೀಟಿಯನ್ನು ಎಳೆದುಕೊಂಡು, ಓದದೇ, ನನ್ನ ಹತ್ತಿರ ಬಂದು ಕೈಗೆ ಕೊಟ್ಟಳು.

"ಸ್ಕೂಟರಿಗೆ ಇಷ್ಟು ಸಾಕಾ ನೋಡಿ" ಎಂದಳು.

ಚೀಟಿಯಲ್ಲಿ ಹನ್ನೊಂದು ವರ್ಷ ಎಂದಿತ್ತು.

ನಮ್ಮೂರಿನಲ್ಲಿ ಒಂದೂವರೆ ತಿಂಗಳಿಗಿಂತ ಹೆಚ್ಚು ಯಾರಿಗೂ ಸಿಕ್ಕಿದ್ದು ನಾನು ಕೇಳಿಲ್ಲ. ಅಷ್ಟು ಸಿಕ್ಕಿದವನು ಮರುದಿನವೇ ಊರು ಬಿಟ್ಟಿದ್ದ. ಹಾಲಪ್ಪ ಚೀಟಿಯನ್ನು ಇಸಿದುಕೊಂಡು ನೋಡಿ, ಬೆಚ್ಚಗಿದೆ, ಅಸಲಿಯೇ ಎಂದು ಹೇಳಿ ನೆಲ ನೋಡಿದ. ನನ್ನ ಬುದ್ಧಿ ಎಂಥದ್ದು ಎಂದರೆ, ಮೊದಲು ನನಗೆ ಸಂತೋಷವೇ ಆಯಿತು, ಹನ್ನೊಂದು ವರ್ಷಕ್ಕೆ ಎಷ್ಟು ಮಾತು ಉಳಿಯಿತು ಎಂದು ಮನಸ್ಸು ಗುಣಿಸಲು ಶುರುಮಾಡಿತ್ತು. ಆಮೇಲೆ ಇನ್ನೊಂದು ಲೆಕ್ಕ ಹೊಳೆಯಿತು. ನಾನು ಮುಚ್ಚಿಟ್ಟ ಆರ್ಡರ್ ಹೆಚ್ಚೆಂದರೆ ಐದು ದಿನದ್ದು. ಅದಕ್ಕಿಂತ ಇಷ್ಟು ಭಾರದ್ದನ್ನು ಒಳಗಿಟ್ಟುಕೊಂಡು ಇವಳು ನನ್ನ ಪಕ್ಕದಲ್ಲಿ ಕೂತು ಸೀರೆಗೆ ಫಾಲ್ಸ್ ಹಾಕುತ್ತಿದ್ದಳು, ಉಪ್ಪು ಸಾಕಾ ಎಂದು ಕೇಳುತ್ತಿದ್ದಳು. ಸಾಕು ಎಂದೆ.

ಆಪರೇಷನ್ ಸುಸೂತ್ರವಾಗಿ ಆಯಿತು. ಮೂರು ಕಲ್ಲುಗಳನ್ನು ಡಾಕ್ಟರು ಸಣ್ಣ ಬಾಟಲಿಯಲ್ಲಿ ಹಾಕಿ ಕೊಟ್ಟರು. ಐದು ದಿನ ನಾವು ಗಂಜಿ, ಮಾತ್ರೆ, ಫ್ಯಾನು ಜೋರಾಗಿದೆ ಎನ್ನುವುದರ ಮಟ್ಟಿಗೆ ಮಾತಾಡಿದೆವು. ಅವಳು ಸಿಟ್ಟಿನಲ್ಲಿರುವಂತೆ ಕಾಣುತ್ತಿರಲಿಲ್ಲ, ದೊಡ್ಡ ಕೆಲಸ ಮುಗಿಸಿದವರಂತೆ ಬಹಳ ನಿದ್ದೆ ಮಾಡಿದಳು. ನನಗೆ ನಿದ್ದೆ ಬರಲಿಲ್ಲ. ಅವಳು ಹೇಳಿದ್ದು ನನ್ನ ವಿಷಯವೋ, ನಾನು ಬರುವ ಮುಂಚಿನದೋ, ನಾನು ಕಸುಬಿಗೆಂದು ಊರೂರು ತಿರುಗುತ್ತಿದ್ದಾಗಿನದೋ. ಕೇಳಲು ಹೆದರಿಕೆ. ಕೇಳುವುದು ಹೇಗೆ ಎನ್ನುವುದೂ ಗೊತ್ತಿಲ್ಲ, ನಮ್ಮೂರಿನಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ.

ಡಿಸ್ಚಾರ್ಜಿನ ದಿನ ಹೊಲಿಗೆ ಹಾಕಿದ ಹೊಟ್ಟೆಯಲ್ಲಿ ಸ್ಕೂಟರ್ ಹತ್ತಿಸಬೇಡಿ ಎಂದರು ನರ್ಸು. ಗಾಡಿಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆವು. ನಮ್ಮ ಬೀದಿಯ ತನಕ ಎರಡು ಟಿಕೆಟ್ ತೆಗೆದುಕೊಂಡೆ. ಅವಳು ಕಿಟಕಿಯ ಪಕ್ಕ ಕೂತಳು, ಔಷಧಿಯ ಚೀಲ ಅವಳ ಮಡಿಲಲ್ಲಿತ್ತು. ಕ್ಲಾಕ್ ಟವರ್ ದಾಟಿತು, ದರ್ಜಿಗಳ ಬೀದಿ ದಾಟಿತು. ಕೊನೆಗೂ ಕೇಳಿದೆ.

"ಆವತ್ತು ಕಂಬಕ್ಕೆ ಏನ್ ಹೇಳ್ದೆ ಅನಸೂಯಾ?"

ಅವಳು ನನ್ನ ಮುಖ ನೋಡಿದಳು. "ಕೇಳಿ ಏನ್ಮಾಡ್ತೀರಿ? ಅದು ಖರ್ಚಾಗೋಗಿದೆ. ಇನ್ನ ಯಾವ್ ಕಂಬಕ್ಕೂ ಬರಲ್ಲ."

"ಕಂಬಕ್ಕಲ್ಲ" ಎಂದೆ. "ನಂಗೆ."

ಬೈದುಬಿಟ್ಟರೆ ಸಾಕು ಎಂದುಕೊಂಡೆ. ಅವಳು ಚೀಲವನ್ನು ಮಡಿಲಿನಿಂದ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಎಲ್ಲಿಂದ ಶುರುಮಾಡಲಿ ಎಂದು ಯೋಚಿಸುವವಳಂತೆ ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡಳು. "ನಂಗಾಗ ಹದಿನೇಳು" ಎಂದಳು. "ನಮ್ಮನೆ ಹಿಂದ್ಗಡೆ ಒಂದು ಬಾವಿ ಇತ್ತು, ನಿಮಗೆ ತೋರ್ಸಿಲ್ಲ ನಾನು."

ನಮ್ಮ ಬೀದಿಯ ಸ್ಟಾಪು ಬಂತು. ಬಸ್ಸು ನಿಂತಿತು. ಕಂಡಕ್ಟರ್ ಎರಡು ಸಲ ಕೂಗಿ, ಆಮೇಲೆ ನಮ್ಮ ಸೀಟಿನ ಹತ್ತಿರವೇ ಬಂದು, ಯಜಮಾನ್ರೇ, ಇಳಿಯೋರು ನೀವೇ ಅಲ್ವಾ ಎಂದ. ಅನಸೂಯ ಮಾತು ನಿಲ್ಲಿಸಿ ನನ್ನ ಕಡೆ ನೋಡಿದಳು. ನಾನು ಜೇಬಿನಿಂದ ಮತ್ತೆ ಕಾಸು ತೆಗೆದು, ಕೊನೆಯ ಸ್ಟಾಪಿಗೆ ಎರಡು ಟಿಕೆಟ್ ಕೊಡಿ ಎಂದೆ.